ಪ್ರಶಾಂತವಾದ ಊರು ಅಂತ ಬರೆಯೋ ಮುಂಚೆ...

ತುಂಬಾ ದಿನ ಆಗಿತ್ತು ಇಲ್ಲಿ ಬರೆದು. ಆಫೀಸಿನ ಕೆಲಸ ಅರ್ಧ ಕಾರಣ, ಸೋಮಾರಿತನ ಇನ್ನರ್ಧ. ಇವತ್ತು ಕೂತು ಬರೀತಾ ಇರೋದು ಸಿಟ್ಟಿನಿಂದ. ಸಿಟ್ಟಲ್ಲಿ ಬರೆದದ್ದನ್ನ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಬೇಕು ಅಂತ ಹಿರಿಯರು ಹೇಳ್ತಾರೆ. ಇಟ್ಟೆ, ಓದಿದೆ. ಸಿಟ್ಟು ಹಾಗೇ ಇದೆ, ಅದಕ್ಕೇ ಹಾಕ್ತಾ ಇದ್ದೀನಿ :-)

ವಿಷಯ ಇಷ್ಟು. ಹೋದ ವಾರ ಊಟದ ಹೊತ್ತಲ್ಲಿ ಪಕ್ಕದ ಸೀಟಿನ ಗೆಳೆಯ ತರಂಗಂಬಾಡಿಗೆ ಹೋಗಿ ಬಂದ ಫೋಟೋ ತೋರಿಸ್ತಾ ಇದ್ದ. ತಮಿಳುನಾಡಿನ ಕರಾವಳಿಯ ಸಣ್ಣ ಊರು, ಕಾರೈಕಾಲ್‌ನಿಂದ ಸ್ವಲ್ಪ ಉತ್ತರಕ್ಕೆ. ಒಂದು ಕಾಲಕ್ಕೆ ಡೆನ್ಮಾರ್ಕಿನವರ ಕೈಲಿತ್ತು, ಅವರು ಟ್ರಾಂಕೇಬಾರ್ ಅಂತಿದ್ರು. "ಮಗಾ, ಏನ್ ಶಾಂತಿ ಗೊತ್ತಾ? ಒಬ್ಬ ಮನುಷ್ಯ ಕಾಣಲ್ಲ. ಬಿಳೀ ಬಂಗಲೆ, ಕೋಟೆ, ಸಮುದ್ರ, ಅಷ್ಟೇ. ಪಕ್ಕಾ ಕಲೋನಿಯಲ್ ಚಾರ್ಮ್" ಅಂದ. ಫೋಟೋ ನಿಜಕ್ಕೂ ಚೆನ್ನಾಗಿತ್ತು. ಆದರೆ ಅದರ ಎಡಗಡೆ ಅಂಚಲ್ಲಿ ಒಂದು ಬುಟ್ಟಿ, ಬುಟ್ಟಿಯ ಮೇಲೆ ಅರ್ಧಕ್ಕೆ ತುಂಡಾದ ಒಂದು ಕೈ. ಬಳೆ ಹಾಕಿದ ಕೈ. "ಇದ್ಯಾರು?" ಅಂತ ಕೇಳಿದೆ. "ಯಾರೋ ಒಣಮೀನು ಹಾಕ್ತಾ ಇದ್ಲು, ಅಡ್ಡ ಬರ್ತಾ ಇದ್ಲು, ಕ್ರಾಪ್ ಮಾಡ್ದೆ" ಅಂದ.

ಒಬ್ಬ ಮನುಷ್ಯ ಕಾಣಲ್ವಂತೆ!

ಬೈಯೋಕೆ ಬಾಯಿ ತೆರೆದವನು ಮುಚ್ಚಿಕೊಂಡೆ. ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಅದೇ ಊರಿಗೆ ಹೋಗಿ ಬಂದು, ಇಲ್ಲೇ, "ಕಾಲ ನಿಂತುಹೋದ ಊರು" ಅಂತ ಒಂದು ಉದ್ದದ ಬರಹ ಹಾಕಿದ್ದೆ. ನಿಮ್ಮಲ್ಲಿ ಕೆಲವರು ಹೊಗಳಿದ್ರಿ ಕೂಡ. ಮೊನ್ನೆ ರಾತ್ರಿ ಅದನ್ನ ಮತ್ತೆ ಓದಿದೆ. ಹದಿನಾಲ್ಕು ಪ್ಯಾರಾದಲ್ಲಿ "ಪ್ರಶಾಂತ" ಅನ್ನೋ ಪದ ಐದು ಸಲ ಬಂದಿದೆ. ಆ ಊರಲ್ಲಿ ಬದುಕ್ತಾ ಇರೋ ಒಬ್ಬ ಮನುಷ್ಯನೂ ಬಂದಿಲ್ಲ. ಹಾಗಾಗಿ ಈ ಜಗಳ ಮೊದಲು ನನ್ನ ಜೊತೆ, ಆಮೇಲೆ ಗೆಳೆಯನ ಜೊತೆ, ಕೊನೆಗೆ ನಿಮ್ಮ ಜೊತೆ.

ಹೋಗಿದ್ದು ಹೇಗೆ ಅಂತ ಹೇಳಿಬಿಡ್ತೀನಿ. ಮೈಸೂರಿಂದ ಬೆಂಗಳೂರಿಗೆ ಬಂದು, ತಂಜಾವೂರು, ಕುಂಭಕೋಣಂ ದಾಟಿ ಮಯಿಲಾಡುತುರೈ ಕಡೆ ಹೋಗುವ ರಾತ್ರಿ ರೈಲು. ಬೆಳಿಗ್ಗೆ ಇಳಿದು ಬಸ್ಸಲ್ಲಿ ಸುಮಾರು 30 ಕಿಲೋಮೀಟರ್. ಬಸ್ಸಿಳಿದು ಸ್ವಲ್ಪ ನಡೆದರೆ ಬಿಳಿ ಬಣ್ಣದ ಹೆಬ್ಬಾಗಿಲು, 1792ರದ್ದು. ಅದನ್ನ ದಾಟಿದರೆ ಕಿಂಗ್ ಸ್ಟ್ರೀಟ್. ಎರಡೂ ಕಡೆ ಚರ್ಚು, ದಪ್ಪ ಕಂಬದ ಬಂಗಲೆಗಳು. ಬೀದಿಯ ಕೊನೆಗೆ ಸಮುದ್ರ, ಬಲಕ್ಕೆ ಡಾನ್ಸ್‌ಬೋರ್ಗ್ ಕೋಟೆ. ಎಲ್ಲ ಸೇರಿ ಹತ್ತು ನಿಮಿಷದ ನಡಿಗೆ. ಗಾಳಿ ಚೆನ್ನಾಗಿ ಬೀಸ್ತಿತ್ತು. ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ಹೆಬ್ಬಾಗಿಲ ಹೊರಗೆ ಒಂದು ಟೀ ಅಂಗಡಿಗೆ ಹೋದೆ. ಅಂಗಡಿಯವರಿಗೆ ಅರವತ್ತರ ಮೇಲಿರಬಹುದು. ನನ್ನ ಹರಕು ಮುರುಕು ತಮಿಳಲ್ಲಿ, "ಅಣ್ಣಾ, ರೊಂಬ ಅಮೈದಿಯಾನ ಊರು" ಅಂದೆ, ತುಂಬಾ ಶಾಂತವಾದ ಊರು ಅಂತ. ಹೊಗಳಿದ್ದಕ್ಕೆ ಖುಷಿ ಪಡ್ತಾರೆ ಅಂದುಕೊಂಡಿದ್ದೆ. ಅವರು ಟೀ ಎತ್ತಿ ಹಾಕೋದನ್ನ ನಿಲ್ಲಿಸಲೂ ಇಲ್ಲ. "ಕೆಲಸ ಇಲ್ಲ ತಂಬಿ, ಅದಕ್ಕೆ ಶಾಂತ. ಹುಡುಗರೆಲ್ಲ ಚೆನ್ನೈ, ತಿರುಪ್ಪೂರು, ಸಿಂಗಾಪುರ. ಮೊದಲು ಇಲ್ಲಿಗೆ ರೈಲು ಬರ್ತಿತ್ತು ಗೊತ್ತಾ?" ಅಂದ್ರು. ಆಮೇಲೆ, "ಸದ್ದು ಬೇಕಾದ್ರೆ ಬೆಳಿಗ್ಗೆ ದೋಣಿ ಬರೋ ಜಾಗಕ್ಕೆ ಹೋಗು" ಅಂತ ಸೇರಿಸಿದ್ರು.

ನಾನು ಹೋಗಲಿಲ್ಲ. ಬೆಳಿಗ್ಗೆ ಎಂಟರವರೆಗೂ ಮಲಗಿದ್ದೆ. ಎದ್ದು ಬರಹದಲ್ಲಿ "ಅಲೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ" ಅಂತ ಬರೆದೆ.

ಈಗ ನನ್ನ ಮೊದಲ ತಕರಾರು. ಇಂಥ ಊರಿನ ಶಾಂತಿ ದೇವರು ಕೊಟ್ಟ ವರ ಅಲ್ಲ. ಅದಕ್ಕೆ ಕಾರಣ ಇದೆ, ಕಾರಣಕ್ಕೆ ತಾರೀಖು ಇದೆ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದ ಮಾಡಿಕೊಂಡು ಡೇನರು ಇಲ್ಲಿ ಕೋಟೆ ಕಟ್ಟಿದ್ದು ವಿಶ್ರಾಂತಿ ತಗೊಳ್ಳೋಕಲ್ಲ, ವ್ಯಾಪಾರಕ್ಕೆ. ಮೆಣಸು, ಬಟ್ಟೆ. ಇದು ಬಂದರು. ಬಂದರು ಅಂದ್ರೆ ಗಲಾಟೆ, ಮೂಟೆ, ಬೈಗುಳ, ನಾಲ್ಕು ಭಾಷೆ. 1845ರಲ್ಲಿ ಡೆನ್ಮಾರ್ಕ್ ಈ ಊರನ್ನೂ, ಬಂಗಾಳದ ಸೆರಾಂಪೋರನ್ನೂ ಒಟ್ಟಿಗೆ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರ ಕಂಪನಿಗೆ ಮಾರಿಬಿಡ್ತು. 1861ರಲ್ಲಿ ದಕ್ಷಿಣಕ್ಕಿರೋ ನಾಗಪಟ್ಟಣಂಗೆ ರೈಲು ಬಂತು. ಸರಕು ರೈಲಿರೋ ಕಡೆ ಹೋಗುತ್ತೆ, ಹಡಗು ಸರಕಿರೋ ಕಡೆ ಹೋಗುತ್ತೆ. ತರಂಗಂಬಾಡಿಗೆ ರೈಲು ಬಂದಾಗ 1926. ಮಯಿಲಾಡುತುರೈಯಿಂದ ಒಂದು ಮೀಟರ್ ಗೇಜ್ ಸಾಲು. ಅದನ್ನೂ 1986ರಲ್ಲಿ ಮುಚ್ಚಿದ್ರು. ಟೀ ಅಂಗಡಿಯವರು ಹೇಳಿದ ರೈಲು ಅದು. ಅವರು ಯುವಕರಾಗಿದ್ದಾಗ ಓಡ್ತಾ ಇತ್ತು.

ನಾವು ಐಟಿಯವರಿಗೆ ಇದು ಅರ್ಥ ಆಗಬೇಕು. ಟ್ರಾಫಿಕ್ ಇಲ್ಲದ ಸರ್ವರ್ ತುಂಬಾ ಶಾಂತವಾಗಿರುತ್ತೆ. ಸಿಪಿಯು ಎರಡು ಪರ್ಸೆಂಟ್, ಒಂದು ಅಲರ್ಟ್ ಇಲ್ಲ, ರಾತ್ರಿ ಫೋನಿಲ್ಲ. ಅದನ್ನ ನೋಡಿ "ಆಹಾ, ಎಂಥಾ ಪ್ರಶಾಂತತೆ" ಅನ್ನೋ ಮ್ಯಾನೇಜರ್‌ನ ನಾನಂತೂ ನೋಡಿಲ್ಲ. ಗಿರಾಕಿ ಎಲ್ಲಿ ಹೋದ ಅಂತ ಓಡಾಡ್ತಾನೆ. ನಮ್ಮ ಉತ್ಪನ್ನ ನಿಂತುಹೋದ್ರೆ ಅದು ಸಂಕಟ. ಬೇರೆಯವರ ಊರು ನಿಂತುಹೋದ್ರೆ ಅದು ಸೌಂದರ್ಯ. ಇದೆಲ್ಲಿಯ ನ್ಯಾಯ ಮಾರಾಯ್ರೆ?

ಇದು ನನಗೆ ಇಷ್ಟು ಚುಚ್ಚೋದಕ್ಕೆ ಇನ್ನೊಂದು ಕಾರಣ ಇದೆ. ನನ್ನ ಊರು ಕುಮಟಾ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ನಮ್ಮೂರಿಗೆ ಬರ್ತಿತ್ತು, ಇಲ್ಲಿಂದ ಮುಂಬಯಿಗೆ ಹಡಗು. ಹತ್ತಿಯ ಒಂದು ಜಾತಿಗೇ "ಕುಮಟಾ ಹತ್ತಿ" ಅಂತ ಹೆಸರು ಬಿದ್ದಿತ್ತು. ಆ ಹತ್ತಿ ನಮ್ಮೂರಲ್ಲಿ ಒಂದು ಎಳೆಯೂ ಬೆಳೆದದ್ದಲ್ಲ, ಬರೀ ಹಾದುಹೋಗಿದ್ದು! ಆಮೇಲೆ 1880ರ ದಶಕದಲ್ಲಿ ಗೋವೆಯ ಮುರ್ಮಗೋವಾ ಬಂದರಿಗೆ ರೈಲು ಆಯ್ತು, ಹತ್ತಿ ಆ ಕಡೆ ತಿರುಗಿತು. ನಮ್ಮೂರು "ಪ್ರಶಾಂತ" ಆಯ್ತು. ನಮಗೆ ರೈಲು ಬಂದಿದ್ದು ಕೊಂಕಣ ರೈಲ್ವೆ ಪೂರ್ತಿ ಆದಾಗ, 1998ಕ್ಕೆ. ಆ ರೈಲು ಹತ್ತಿ ನಾವು ಹುಡುಗರು ಮಾಡಿದ ಮೊದಲ ಕೆಲಸ ಊರು ಬಿಟ್ಟಿದ್ದು.

ಹೋದ ದೀಪಾವಳಿಗೆ ಮನೆಗೆ ಹೋದಾಗ ನಮ್ಮ ಕೇರಿಯಲ್ಲಿ ಯಾರೋ ಇಬ್ಬರು ಪ್ರವಾಸಿಗರು ರೀಲ್ಸ್ ಮಾಡ್ತಾ ನಿಂತಿದ್ರು. ಹಂಚಿನ ಮನೆ, ತೆಂಗಿನ ಮರ, ಜಗಲಿ ಮೇಲೆ ಒಬ್ಬಳೇ ಕೂತ ಮುದುಕಿ. "ಸೋ ಪೀಸ್‌ಫುಲ್" ಅಂದಿದ್ದು ಕಿವಿಗೆ ಬಿತ್ತು. ಜಗಲಿ ಮೇಲೆ ಕೂತಿದ್ದವಳು ನನ್ನ ಆಯಿ. ಅವಳಿನ್ನೂ ಮುದುಕಿಯೇನಲ್ಲ, ಐವತ್ತೆಂಟು. ಒಬ್ಬಳೇ ಯಾಕೆ ಕೂತಿದ್ದಳು ಅಂದ್ರೆ ಮಗ ಬೆಂಗಳೂರಲ್ಲಿ, ಮಗಳು ಪುಣೆಯಲ್ಲಿ, ಅಪ್ಪ ಇಲ್ಲ. ಆ ರೀಲ್ಸ್‌ನಲ್ಲಿ ಕಾಣೋ ಶಾಂತಿಗೆ ಕಾರಣ ನಾನು. ಅವತ್ತು ನಂಗೆ ತರಂಗಂಬಾಡಿಯ ಟೀ ಅಂಗಡಿ ನೆನಪಾಯ್ತು.

ಎರಡನೇ ತಕರಾರು ಆ "ಕಲೋನಿಯಲ್ ಚಾರ್ಮ್" ಅನ್ನೋದರ ಬಗ್ಗೆ. ಕನ್ನಡದಲ್ಲಿ ನಾವು "ವಸಾಹತು ಕಾಲದ ಮೋಡಿ" ಅಂತ ಮಾಡಿಕೊಂಡಿದ್ದೀವಿ. ಯಾರಿಗೆ ಮೋಡಿ? ತರಂಗಂಬಾಡಿಯಿಂದ ಕೋಪನ್‌ಹೇಗನ್‌ಗೆ ಹೋದ ಬಟ್ಟೆ ಎಲ್ಲವೂ ಅಲ್ಲೇ ಅಂಗಿ ಆಗಲಿಲ್ಲ. ಒಂದಷ್ಟು ಬಟ್ಟೆ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಹೋಗ್ತಿತ್ತು. ಈಗಿನ ಘಾನಾದ ಅಕ್ರಾದಲ್ಲಿ ಡೇನರದ್ದೇ ಕ್ರಿಶ್ಚಿಯನ್ಸ್‌ಬೋರ್ಗ್ ಅನ್ನೋ ಕೋಟೆ ಇದೆ. ಅಲ್ಲಿ ಬಟ್ಟೆ ಕೊಟ್ಟು ಮನುಷ್ಯರನ್ನ ಕೊಳ್ತಿದ್ರು. ಕೊಂಡವರನ್ನ ಹಡಗಿಗೆ ತುಂಬಿ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಕ್ಕೆ. ತಂಜಾವೂರು ಸೀಮೆಯ ನೇಕಾರನ ಮಗ್ಗದಲ್ಲಿ ನೇಯ್ದ ಬಟ್ಟೆ ಅವನಿಗೆ ಗೊತ್ತಿಲ್ಲದ ಖಂಡದಲ್ಲಿ ಮನುಷ್ಯನ ಬೆಲೆ ಆಯ್ತು. ಗುಲಾಮರ ವ್ಯಾಪಾರ ನಿಲ್ಲಿಸಬೇಕು ಅಂತ ಡೆನ್ಮಾರ್ಕಿನ ರಾಜ ಆಜ್ಞೆ ಹೊರಡಿಸಿದ್ದು 1792ರಲ್ಲಿ, ಜಾರಿಗೆ ಬಂದಿದ್ದು 1803ಕ್ಕೆ. 1792 ಅಂದ್ರೆ ನಾವು ನಿಂತು ಸೆಲ್ಫಿ ತೆಗೆಯೋ ಆ ಹೆಬ್ಬಾಗಿಲ ಇಸವಿ. ಬಾಗಿಲಿಗೆ ಇದೆಲ್ಲ ಗೊತ್ತಿಲ್ಲ ಬಿಡಿ. ನಮಗಾದ್ರೂ ಗೊತ್ತಿರಬೇಕಲ್ಲ.

ಕೋಟೆಯ ಒಳಗೂ ಅಷ್ಟೇ. ಈಗ ಅದು ಮ್ಯೂಸಿಯಂ. ಮೇಲೆ ಗವರ್ನರ್ ಇದ್ದ ಭಾಗ, ಕೆಳಗೆ ಉಗ್ರಾಣ, ಸೆರೆಕೋಣೆ. ನಾವೆಲ್ಲ ಮೇಲಿನ ಕಟ್ಟೆಯಿಂದ ಸಮುದ್ರದ ಫೋಟೋ ತೆಗೀತೀವಿ. 1706ರಲ್ಲಿ ಡೆನ್ಮಾರ್ಕಿನ ರಾಜನೇ ಕಳಿಸಿದ ಜರ್ಮನ್ ಪಾದ್ರಿ ಝೀಗನ್‌ಬಾಲ್ಗ್ ಇಲ್ಲಿಗೆ ಬಂದ. ಒಬ್ಬ ವಿಧವೆಯ ಸಾಲದ ತಕರಾರಿನಲ್ಲಿ ಆಕೆಯ ಪರ ಮಾತಾಡಿದ ಅಂತ 1708ರಲ್ಲಿ ಗವರ್ನರ್ ಅವನನ್ನ ನಾಲ್ಕು ತಿಂಗಳು ಜೈಲಿಗೆ ಹಾಕಿದ. ರಾಜ ಕಳಿಸಿದ ಬಿಳಿಯನ ಗತಿ ಹೀಗಾದ್ರೆ, ಆ ವಿಧವೆಯಂಥವರ ಗತಿ ಏನಾಗಿರಬಹುದು? ಅದನ್ನ ಯೋಚನೆ ಮಾಡಿದ್ರೆ ಮೋಡಿ ಸ್ವಲ್ಪ ಇಳಿಯುತ್ತೆ.

ಮತ್ತೆ ಆ ಹನ್ನೆರಡೂವರೆ ಲಕ್ಷ. ಊರು ಮಾರಾಟ ಆಯ್ತು, ಅದರ ಜೊತೆ ಕೋಟೆ, ಬಂಗಲೆ, ಬೀದಿ, ಜನ ಎಲ್ಲ ಕೈ ಬದಲಾಯಿತು. ನಿಮ್ಮೂರನ್ನ ಮಾರ್ತಾ ಇದ್ದೀವಿ, ಏನಂತೀರಿ ಅಂತ ಊರವರನ್ನ ಕೇಳುವ ಪದ್ಧತಿ ಆಗ ಇರಲಿಲ್ಲ. ಇವತ್ತು ನಾವು ಊರವರನ್ನ ಕೇಳದೇ "ಇದು ನಿದ್ದೆ ಮಾಡ್ತಾ ಇರೋ ಊರು" ಅಂತ ಬರೀತೀವಲ್ಲ, ಅದು ಆ ಪದ್ಧತಿಯ ಚಿಕ್ಕ ತಮ್ಮ ಅಂತ ನನಗನ್ನಿಸುತ್ತೆ.

ಮೂರನೆಯದು ಸಮುದ್ರ. ನಾನು ನನ್ನ ಬರಹದಲ್ಲಿ "ಶಾಂತ ಕಡಲು" ಅಂತ ಬರೆದಿದ್ದೆ. ನಾಚಿಕೆ ಆಗಬೇಕು. 2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ. ನಾನಾಗ ಎರಡನೇ ಕ್ಲಾಸು. ಟಿವಿಯಲ್ಲಿ ನೋಡಿ "ಸುನಾಮಿ" ಅನ್ನೋ ಪದ ಕಲಿತಿದ್ದು ಅವತ್ತೇ. ತರಂಗಂಬಾಡಿ ಆಗ ನಾಗಪಟ್ಟಣಂ ಜಿಲ್ಲೆಯಲ್ಲಿತ್ತು (2020ರಿಂದ ಮಯಿಲಾಡುತುರೈ ಜಿಲ್ಲೆ). ತಮಿಳುನಾಡಿನಲ್ಲಿ ಸತ್ತವರು ಸುಮಾರು 8,000, ಅದರಲ್ಲಿ 6,000ಕ್ಕೂ ಹೆಚ್ಚು ಜನ ಆ ಒಂದೇ ಜಿಲ್ಲೆಯವರು. ಹೆಚ್ಚಿನವರು ಮೀನುಗಾರರ ಕೇರಿಯವರು. ತರಂಗಂಬಾಡಿಯಲ್ಲೂ ಅಲೆ ಮೊದಲು ನುಗ್ಗಿದ್ದು ದಡದ ಮೇಲಿನ ಆ ಮನೆಗಳಿಗೇ. ಆಮೇಲೆ ಅವರಿಗೆ ಹೊಸ ಮನೆಗಳು ಆದವು. ಪ್ರವಾಸದ ಪುಟಗಳಲ್ಲಿ ಬಂಗಲೆಯ ಕಂಬಕ್ಕೆ ಎಷ್ಟು ಸಾಲು, ಈ ಜನರಿಗೆ ಎಷ್ಟು ಸಾಲು ಅಂತ ನೀವೇ ಎಣಿಸಿ ನೋಡಿ.

ಸುನಾಮಿ ಒಂದೇ ಅಲ್ಲ. ದಡದಲ್ಲೇ ಮಾಸಿಲಾಮಣಿ ನಾಥರ್ ದೇವಸ್ಥಾನ ಇದೆ, 1306ರ ಪಾಂಡ್ಯರ ಕಾಲದ್ದು. ಅದರ ಮುಂಭಾಗವನ್ನ ಸಮುದ್ರ ಯಾವತ್ತೋ ನುಂಗಿದೆ. ಡೇನರು ಬರೋದಕ್ಕೆ ಮುನ್ನೂರು ವರ್ಷ ಮುಂಚೆಯೇ ಇಲ್ಲಿ ಒಂದು ಊರಿತ್ತು, ದೇವರಿತ್ತು, ವ್ಯಾಪಾರ ಇತ್ತು ಅನ್ನೋದಕ್ಕೆ ಸಾಕ್ಷಿ ಅದು. ನಮ್ಮ ಫೋಟೋಗಳಲ್ಲಿ ಅದು "ಪಾಳುಬಿದ್ದ ಗುಡಿ, ಸೂರ್ಯೋದಯಕ್ಕೆ ಒಳ್ಳೆ ಫ್ರೇಮು". ಕಡಲು ನೆಲ ತಿನ್ನುತ್ತಾ ಬಂದಿದೆ, ದಡದುದ್ದಕ್ಕೂ ಕಲ್ಲು ಪೇರಿಸಿದ್ದಾರೆ. ಶಾಂತ ಕಡಲಿಗೆ ಯಾರಾದ್ರೂ ಕಲ್ಲಿನ ತಡೆ ಹಾಕ್ತಾರಾ?

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು. "ಹಾಗಾದ್ರೆ ಏನು, ಎಲ್ಲ ಕೆಡವಿ ಹಾಕಬೇಕಾ? ಹೋಗಲೇಬಾರದಾ? ವಾರ ಪೂರ್ತಿ ಕೋಡ್ ಬರೆದು ಸತ್ತು, ಎರಡು ದಿನ ಸಮುದ್ರ ನೋಡೋದೂ ತಪ್ಪಾ? ಪ್ರವಾಸಿಗರಿಂದ ತಾನೇ ಆ ಟೀ ಅಂಗಡಿಯೂ ನಡೆಯೋದು?"

ಕೆಡವಬಾರದು. ಆ ಕಟ್ಟಡಗಳನ್ನ ರಿಪೇರಿ ಮಾಡಿದ್ದು ಒಳ್ಳೇದೇ ಆಯ್ತು. ಡೆನ್ಮಾರ್ಕಿನ ನ್ಯಾಷನಲ್ ಮ್ಯೂಸಿಯಂನವರು, ನಮ್ಮ ಇಂಟ್ಯಾಕ್‌ನವರು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ಗಾರೆಯನ್ನ ಅರೆದವರು, ಕಲ್ಲು ಹೊತ್ತವರು ನಮ್ಮವರೇ ತಾನೆ, ಬಂಗಲೆ ಅವರದ್ದೂ ಹೌದು. ಮತ್ತೆ ಆ ಊರಲ್ಲಿ ನಮ್ಮಂಥವರು ತಲೆಬಾಗಬೇಕಾದ್ದು ನಿಜಕ್ಕೂ ಇದೆ. ಅದೇ ಝೀಗನ್‌ಬಾಲ್ಗ್ ಸ್ಥಳೀಯರಿಂದ ತಮಿಳು ಕಲಿತ. ಜರ್ಮನಿಯ ಹಾಲೆಯಿಂದ ತಮಿಳು ಅಚ್ಚಿನ ಮೊಳೆಗಳು ಬಂದವು. ಅವು ತೀರಾ ದೊಡ್ಡವು, ಕಾಗದ ಸಾಲದು. ಇಲ್ಲೇ ಸಣ್ಣ ಮೊಳೆ ಮಾಡಿಸಿದ್ರು, ಪಕ್ಕದ ಪೊರೈಯಾರ್‌ನಲ್ಲಿ ಕಾಗದದ ಗಿರಣಿಯನ್ನೂ ಹಾಕಿದ್ರು. 1713ರ ಹೊತ್ತಿಗೆ ಇಲ್ಲಿ ತಮಿಳು ಅಚ್ಚಾಗ್ತಾ ಇತ್ತು. ಫಾಂಟ್ ಸರಿ ಕೂರದೆ, ಒತ್ತಕ್ಷರ ಒಡೆದು ಚೌಕ ಚೌಕ ಕಂಡು ತಲೆ ಚಚ್ಚಿಕೊಂಡ ನಮಗಲ್ಲದೆ ಇನ್ಯಾರಿಗೆ ಅರ್ಥ ಆಗಬೇಕು ಆ ಕಷ್ಟ? :-) ಕನ್ನಡಕ್ಕೂ ಡೇನರ ನೆಲಕ್ಕೂ ಒಂದು ನಂಟಿದೆ. ಇಂಗ್ಲಿಷ್ ಕಂಪನಿ ಜಾಗ ಕೊಡದೇ ಇದ್ದಾಗ ವಿಲಿಯಂ ಕೇರಿ ಡೇನರ ಸೆರಾಂಪೋರಿನಲ್ಲಿ ನೆಲೆ ನಿಂತ. ಅಲ್ಲಿನ ಅಚ್ಚುಕೂಟದಿಂದ 1817ರಲ್ಲಿ ಅವನ ಕನ್ನಡ ವ್ಯಾಕರಣ ಹೊರಬಂತು. ತರಂಗಂಬಾಡಿಯ ಜೊತೆ ಒಂದೇ ಬೆಲೆಗೆ ಮಾರಾಟವಾದ ಅದೇ ಸೆರಾಂಪೋರ್.

ನೋಡಿ, ಅಚ್ಚುಕೂಟ, ಬಟ್ಟೆ, ಜೈಲು, ರೈಲು, ಸುನಾಮಿ, ಮೀನು. ಹತ್ತು ನಿಮಿಷದಲ್ಲಿ ನಡೆದು ಮುಗಿಯೋ ಊರಲ್ಲಿ ಇಷ್ಟು ಇದೆ. ಇಷ್ಟನ್ನೂ ಬಿಟ್ಟು ನಾವು ಬರೆಯೋದು "ಪ್ರಶಾಂತ", "ಮೋಡಿ", "ಕಾಲ ನಿಂತಿದೆ". ನನ್ನ ಜಗಳ ಪ್ರವಾಸದ ಜೊತೆ ಅಲ್ಲ, ಈ ಸೋಮಾರಿ ಪದಗಳ ಜೊತೆ. ಟೀ ಅಂಗಡಿ ನಡೆಯೋದು ಪ್ರವಾಸಿಗರಿಂದ ಅಂತೀರಾ? ಅವತ್ತು ಸಂಜೆ ಅಲ್ಲಿ ನಾನೊಬ್ಬನೇ ಪ್ರವಾಸಿ. ಉಳಿದವರೆಲ್ಲ ಊರವರು. ಪ್ರವಾಸಿಗರು ಹೆಬ್ಬಾಗಿಲ ಒಳಗೇ ಟೀ ಕುಡಿದು ಮುಗಿಸಿರ್ತಾರೆ.

ಕಾಲ ನಿಂತಿದೆ ಅಂತ ಬರೆಯೋದರಲ್ಲಿ ಇನ್ನೊಂದು ಅಪಾಯ ಇದೆ. ಜನ ಇಲ್ಲದ ಊರಿಗೆ ಆಸ್ಪತ್ರೆ, ರೈಲು, ಕಾಲೇಜು ಯಾಕೆ ಬೇಕು? ಬಂಗಲೆ ಚೆನ್ನಾಗಿದ್ರೆ ಸಾಕು. ಊರು ಹೀಗೇ ಇರಲಿ, ಬದಲಾಗದಿರಲಿ ಅಂತ ಆಸೆ ಪಡೋರು ಎರಡು ದಿನ ಇದ್ದು ಹೋಗೋರು. ಕುಮಟಾ ಬದಲಾಗದಿರಲಿ ಅಂತ ನನ್ನ ಮುಂದೆ ಯಾರಾದ್ರೂ ಅಂದ್ರೆ, ಬನ್ನಿ, ರಾತ್ರಿ ಹನ್ನೆರಡಕ್ಕೆ ನನ್ನ ಆಯಿಗೆ ಎದೆ ನೋವು ಬಂದ್ರೆ ದೊಡ್ಡ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಅಂತ ಲೆಕ್ಕ ಹಾಕೋಣ ಅಂತೀನಿ. ಉತ್ತರ ಕನ್ನಡದವರಿಗೆ ಈ ಲೆಕ್ಕ ಬಾಯಿಪಾಠ.

ಹಾಗಾಗಿ ನನ್ನ ವಿನಂತಿ ಇಷ್ಟೇ. ಹೋಗಿ. ಬಂಗಲೆ ನೋಡಿ, ಕೋಟೆ ಹತ್ತಿ. ಆದರೆ ಬೆಳಿಗ್ಗೆ ಎದ್ದು ದೋಣಿ ಬರೋ ಜಾಗಕ್ಕೂ ಹೋಗಿ. ಹೆಬ್ಬಾಗಿಲ ಹೊರಗೆ ಊಟ ಮಾಡಿ. "ಇಲ್ಲಿ ಮೊದಲು ಏನಿತ್ತು, ಯಾಕೆ ಹೋಯ್ತು" ಅಂತ ಒಬ್ಬರನ್ನಾದ್ರೂ ಕೇಳಿ. ಬಂದು ಬರೆಯುವಾಗ "ಪ್ರಶಾಂತ" ಅಂತ ಬೆರಳು ಹೊರಟರೆ ಒಂದು ಕ್ಷಣ ನಿಲ್ಲಿಸಿ, ಯಾರು ಹೋದದ್ದಕ್ಕೆ ಈ ಶಾಂತಿ ಅಂತ ಕೇಳಿಕೊಳ್ಳಿ. ಮತ್ತೆ ದಯವಿಟ್ಟು ಆ ಬಳೆ ಹಾಕಿದ ಕೈಯನ್ನ ಕ್ರಾಪ್ ಮಾಡಬೇಡಿ.

ನನ್ನ ಹಳೇ ಬರಹವನ್ನ ಅಳಿಸಿಲ್ಲ. ಅಳಿಸಿದ್ರೆ ಅದೂ ಒಂದು ಥರ ಕ್ರಾಪ್ ಮಾಡಿದ ಹಾಗೇ. ಅದರ ಮೇಲೆ "ಇದನ್ನು ಬರೆದವನು ಎಂಟು ಗಂಟೆವರೆಗೆ ಮಲಗಿದ್ದ" ಅಂತ ಒಂದು ಸಾಲು ಸೇರಿಸಿದ್ದೀನಿ. ಗೆಳೆಯನಿಗೂ ಇದನ್ನ ಓದೋಕೆ ಕೊಟ್ಟೆ. "ಒಂದು ಫೋಟೋಗೆ ಇಷ್ಟೆಲ್ಲಾನಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಕ್ರಾಪ್ ಮಾಡದೇ ಇರೋದು ಫೋನಲ್ಲಿ ಇನ್ನೂ ಇದೆ, ಕಳಿಸ್ಲಾ?" ಅಂತ ಕೇಳಿದ.

ಕಳಿಸಿದ. ಆಕೆ ಕ್ಯಾಮೆರಾ ಕಡೆ ನೋಡ್ತಾನೇ ಇಲ್ಲ. ಮೀನು ತಿರುವಿ ಹಾಕ್ತಾ ಪಕ್ಕದವಳ ಹತ್ರ ಜೋರಾಗಿ ಏನೋ ಹೇಳ್ತಾ ಇದ್ದಾಳೆ. ಪಕ್ಕದಲ್ಲಿ ಇನ್ನೂ ನಾಲ್ಕು ಜನ, ಒಂದು ಮಗು, ಎರಡು ನಾಯಿ. ಶಾಂತಿ ಅಂತೂ ಇಲ್ಲವೇ ಇಲ್ಲ.

ನೀವೇನಂತೀರಿ? ಬೈಯೋದಿದ್ರೂ ಬೈಯಿರಿ, ಉತ್ತರ ಕೊಡ್ತೀನಿ.